ಮೂರು ಕಾಲಿನ ಕೋಣ

ಲಕ್ಷ್ಮೇಶ್ವರ
2 ಜೂನ್ 2025

ಶ್ರೀಮತಿ ಶಿವರಂಜನಿ ಮೇಡಂ ಅವರಿಗೆ, ಕುಬೇರಪ್ಪನ ನಮಸ್ಕಾರಗಳು.

ಈ ಲಕೋಟೆ ಒಡೆಯುವಾಗ ಕೆಳಗೊಂದು ಬಟ್ಟೆ ಹಾಸಿಕೊಳ್ಳಿರಿ. ಒಳಗೆ ಹತ್ತಿಯಲ್ಲಿ ಸುತ್ತಿದ ನಾಣ್ಯ ಇದೆ. ಅಮೆರಿಕದ ಐದು ಸೆಂಟಿನದು, 1937ನೆಯ ಇಸವಿಯದು, ಡೆನ್ವರ್ ಟಂಕಸಾಲೆಯದು. ಒಂದು ಬದಿಗೆ ಅಲ್ಲಿಯ ಮೂಲನಿವಾಸಿಯೊಬ್ಬನ ಮುಖ, ಇನ್ನೊಂದು ಬದಿಗೆ ಕಾಡುಕೋಣ. ಕೋಣದ ಕಾಲು ಎಣಿಸಿರಿ. ಮೂರೇ.

ಟಂಕಸಾಲೆಯಲ್ಲಿ ಅಚ್ಚಿಗೆ ಕಲೆ ಬಿದ್ದಿತ್ತಂತೆ. ಅದನ್ನು ಉಜ್ಜಿ ನುಣುಪು ಮಾಡಲು ಹೋದವನು ಕೋಣದ ಮುಂಗಾಲನ್ನೂ ಸೇರಿಸಿ ಉಜ್ಜಿಬಿಟ್ಟ. ಯಾರಾದರೂ ನೋಡುವಷ್ಟರಲ್ಲಿ ನಾಣ್ಯಗಳು ಪೇಟೆ ಸೇರಿದ್ದವು. ಈಗ ಆ ತಪ್ಪನ್ನೇ ಎಲ್ಲರೂ ಹುಡುಕುತ್ತಾರೆ. ಹುಡುಕುವವರು ಹೆಚ್ಚಾದಲ್ಲಿ ಖೊಟ್ಟಿ ಮಾಲು ಬಂದೇ ಬರುತ್ತದಲ್ಲ. ಸಾದಾ ಕೋಣದ ನಾಣ್ಯ ತಂದು, ಒಂದು ಕಾಲನ್ನು ಅರದಿಂದ ತಿಕ್ಕಿ ಮಾರುವವರಿದ್ದಾರೆ.

ನನ್ನದು ಮುಂಬೈಗೆ ಅರಿವೆ ಖರೀದಿಗೆ ಹೋದಾಗ ಪರದೇಶದ ಚಿಲ್ಲರೆಯ ಗಂಟಿನಲ್ಲಿ ಸಿಕ್ಕದ್ದು. ಹೋದ ವರ್ಷ ಗದಗಿನಲ್ಲಿ ನಮ್ಮ ನಾಣ್ಯ ಬಳಗದ ಪ್ರದರ್ಶನಕ್ಕೆ ಇಟ್ಟಿದ್ದೆ. ಬಳಗದ ಕಾರ್ಯದರ್ಶಿ ಹೊನ್ನೇಶ, ಬೆಟಗೇರಿಯಲ್ಲಿ ಫೋಟೊಗಳಿಗೆ ಕಟ್ಟು ಹಾಕುವ ಅಂಗಡಿಯವನು, ಭೂತಗನ್ನಡಿ ಹಿಡಿದು ನೋಡಿದ. ಎಲ್ಲರ ಮುಂದೆ, “ಕುಬೇರಪ್ಪಣ್ಣಾ, ಇದರ ಕಾಲು ಅಮೆರಿಕಾದಾಗ ಹೋಗಿಲ್ಲ, ಮುಂಬೈದಾಗ ಹೋಗೈತಿ” ಅಂದ. ಜನ ನಕ್ಕರು. ನಾನು ನಾಣ್ಯ ಕಿಸೆಗೆ ಹಾಕಿಕೊಂಡು ಬಸ್ಸು ಹತ್ತಿದೆ.

ಮೇಡಂ, ಇಷ್ಟು ವರ್ಷ ಅಂಗಡಿ ನಡೆಸಿದರೂ ಅರ್ಧ ನೂಲು ಬೆರೆಸಿದ ಸೀರೆಯನ್ನು ರೇಷ್ಮೆ ಎಂದು ಮಾರಿದವನಲ್ಲ ನಾನು. ಈಗ ಗದಗಿಗೆ ಹೋದರೆ ನನ್ನ ಹೆಸರಿಗೆ ಮೊದಲು ಜನಕ್ಕೆ ಆ ಕೋಣ ನೆನಪಾಗುತ್ತದೆ. ನವೆಂಬರಿನಲ್ಲಿ ಮತ್ತೆ ಪ್ರದರ್ಶನವಿದೆ. ನಾಣ್ಯ ಅಸಲಿ ಎಂದಾದರೆ ಇಡುತ್ತೇನೆ. ಖೊಟ್ಟಿ ಎಂದಾದರೆ ಹೊನ್ನೇಶನ ಮುಂದೆ ಒಪ್ಪಿಕೊಂಡು ಸುಮ್ಮನಾಗುತ್ತೇನೆ. ನಡುವೆ ನೇತಾಡುವುದು ಸಾಕಾಗಿದೆ.

ಗುರುತು ಒಂದಿದೆ. ಅಸಲಿ ನಾಣ್ಯದಲ್ಲಿ ಹೊಟ್ಟೆಯ ಕೆಳಗಿನಿಂದ ನೆಲದವರೆಗೆ ಸಣ್ಣ ಉಬ್ಬು ಚುಕ್ಕೆಗಳ ಸಾಲು ಇಳಿದಿರುತ್ತದೆ. ಹೆಣ್ಣುಮಕ್ಕಳಿಗೆ ಬರೆಯಬಾರದು, ಆದರೆ ಕೋಣ ನಿಂತಲ್ಲೇ ಉಚ್ಚೆ ಹೊಯ್ದ ಹಾಗೆ. ಅರದಿಂದ ತಿಕ್ಕುವವರಿಗೆ ಅದನ್ನು ಮೂಡಿಸಲು ಬರುವುದಿಲ್ಲ. ನನ್ನ ಕಣ್ಣಿಗೆ ಪೊರೆ ಬಂದಿದೆ. ನಿಮ್ಮ ಕಾಲೇಜಿನಲ್ಲಿ ಸೂಕ್ಷ್ಮದರ್ಶಕ ಇದೆ ಎಂದು ಬರೆದಿದ್ದಿರಿ. ನೋಡಿ, ಇದ್ದದ್ದು ಇದ್ದ ಹಾಗೆ ಬರೆಯಿರಿ. ಹೋದ ಸಲ ನೋಡಲು ಕಳಿಸಿದ ಹತ್ತಿ ಹೊಲದ ಡಾಲರ್ ನೋಟು ನಿಮ್ಮಲ್ಲಿಯೇ ಇರಲಿ, ಅವಸರವಿಲ್ಲ.

ಕುಬೇರಪ್ಪ


ಡಂಬಳ
11 ಜೂನ್ 2025

ಮಾನ್ಯ ಕುಬೇರಪ್ಪನವರಿಗೆ ನಮಸ್ಕಾರ.

ಕೋಣ ಕ್ಷೇಮವಾಗಿ ತಲುಪಿದೆ. ಬಟ್ಟೆ ಹಾಸಿಯೇ ಒಡೆದೆ.

ನಿಮಗೆ ಫೋನಿನಲ್ಲಿ ಸರಿಯಾಗಿ ಕೇಳಿಸದು, ನನಗೆ ಬರೆಯುವುದು ಇಷ್ಟ. ಒಬ್ಬರ ಮುಖ ಒಬ್ಬರು ನೋಡದೆ, ಪತ್ರಗಳಲ್ಲಿಯೇ ಎರಡು ವರ್ಷ ಕಳೆದವು. ಆದರೂ ನಾಣ್ಯವನ್ನು ಅಂಗೈಯಲ್ಲಿ ಇಟ್ಟುಕೊಂಡಾಗ ನಿಮ್ಮನ್ನು ಭೇಟಿಯಾದ ಹಾಗೇ ಅನಿಸಿತು. ನಾನು ಕೂಡಿಸುವ ನಾಣ್ಯಗಳೆಲ್ಲ ಹೆಣ್ಣಿನ ಚಿತ್ರದವು ಎಂದು ನಿಮಗೆ ಗೊತ್ತು. ನನ್ನ ಅರ್ಧ ಡಾಲರಿನಲ್ಲಿ ಸೂರ್ಯನ ಕಡೆಗೆ ನಡೆಯುತ್ತಿರುವ ಹೆಂಗಸಿದ್ದಾಳೆ. ಎಷ್ಟು ವರ್ಷದಿಂದ ನಡೆಯುತ್ತಿದ್ದಾಳೆ, ಸೂರ್ಯ ಇನ್ನೂ ಅಷ್ಟೇ ದೂರ. ಕವಿತೆಗಳಲ್ಲಿ ನನಗೆ ಹಿಡಿಸುವುದೂ ಇಂಥ ನಡಿಗೆಯೇ. ನಿಮ್ಮ ಕೋಣ ಬೇರೆ ಜಾತಿ. ಅದಕ್ಕೆ ಎಲ್ಲಿಗೂ ಹೋಗುವ ಅವಸರವಿಲ್ಲ. ಮೂರು ಕಾಲಿನ ಮೇಲೇ ಗಟ್ಟಿಯಾಗಿ ನಿಂತಿದೆ. ಕಾಲು ಮಾಯವಾದರೂ ಗೊರಸು ಮಾತ್ರ ನೆಲದ ಮೇಲೆ ಉಳಿದಿರುವುದನ್ನು ಗಮನಿಸಿದ್ದೀರಾ?

ನಮ್ಮ ಅತ್ತೆ ಕಳಕವ್ವ ಬಂದು ಇಣುಕಿದರು.

“ಯಾವೂರ ಎತ್ತವಾ ಇದು?”

“ಅಮೆರಿಕಾದ್ದು ಅತ್ತಿ. ಎತ್ತಲ್ಲ, ಕಾಡುಕೋಣ.”

“ಡುಬ್ಬ ಕಾಣವಲ್ದೇನು? ಕೋಣಕ್ಕ ಡುಬ್ಬ ಎಲ್ಲಿರತೈತಿ? ಬಸವಣ್ಣನ ಇದು. ಚಲೋ ಆತು, ಅಲ್ಲೂ ಅದಾನ.”

ವಾದ ಮಾಡಲಿಲ್ಲ. ಕನ್ನಡ ಪಾಠ ಮಾಡುವ ನನ್ನ ಮಾತೂ ಅವರ ಮುಂದೆ ನಡೆಯುವುದಿಲ್ಲ. ಮುಂದಿನ ವಾರ ಮುಂಡರಗಿಯ ನಮ್ಮ ಕಾಲೇಜಿನಲ್ಲಿ ಜೀವಶಾಸ್ತ್ರದ ರೇಷ್ಮಾ ಮೇಡಂ ಪ್ರಯೋಗಾಲಯ ತೆರೆದುಕೊಡುತ್ತಾರೆ. ನೋಡಿದ ತಕ್ಷಣ ಬರೆಯುತ್ತೇನೆ.

ಶಿವರಂಜನಿ


ಲಕ್ಷ್ಮೇಶ್ವರ
3 ಜುಲೈ 2025

ಶಿವರಂಜನಿ ಮೇಡಂ ಅವರಿಗೆ,

ಅವಸರ ಮಾಡುತ್ತಿಲ್ಲ. ಅಂಚೆಯಲ್ಲಿ ನಿಮ್ಮ ಪತ್ರ ತಪ್ಪಿತೇನೋ ಎಂದು ಕೇಳುತ್ತಿದ್ದೇನೆ, ಅಷ್ಟೇ. ಅಂಗಡಿ ನೋಡಿಕೊಳ್ಳುವ ನನ್ನ ಮಗಳು ಭಾಗ್ಯಾ, “ಅಪ್ಪಾ, ಪೋಸ್ಟಿನವನು ನಿನ್ನ ಕಂಡ್ರ ಈಗ ಓಣಿ ಬದಲಿ ಮಾಡ್ತಾನ” ಎನ್ನುತ್ತಾಳೆ. ಸುಳ್ಳು. ನಾನು ಅವನನ್ನು ದಿನಾ ಕೇಳುವುದಿಲ್ಲ.

ಹೊನ್ನೇಶನಿಂದ ಪ್ರದರ್ಶನದ ಸುತ್ತೋಲೆ ಬಂತು. ಕೆಳಗೆ ಕೈಯಿಂದ, “ಅಣ್ಣಾ, ಈ ಸಲ ಕೋಣ ಕಟ್ಟತೀಯೋ ಇಲ್ಲೋ?” ಎಂದು ಬರೆದಿದ್ದಾನೆ. ಉತ್ತರ ಕೊಟ್ಟಿಲ್ಲ. ನಿಮ್ಮ ಉತ್ತರ ಬಂದ ಮೇಲೆ ನನ್ನದು.

ಕುಬೇರಪ್ಪ


ಡಂಬಳ
9 ಜುಲೈ 2025

ಮಾನ್ಯ ಕುಬೇರಪ್ಪನವರಿಗೆ ನಮಸ್ಕಾರ.

ತಡವಾಯಿತು, ಮನ್ನಿಸಿ. ಪ್ರವೇಶದ ದಿನಗಳು, ಕಾಲೇಜಿನಲ್ಲಿ ಕೆಲಸ ಬಹಳ.

ಈ ಕಡೆ ಮಳೆ ಹದವಾಗಿ ಬಿದ್ದಿದೆ. ಹೆಸರು ಹೊಲಗಳು ಹಸಿರಾಗಿವೆ. ಬಸ್ಸಿನ ಕಿಟಕಿಯಿಂದ ನೋಡುತ್ತ ಹೋಗುವಾಗ ನಿಮ್ಮ ನೂರು ಡಾಲರಿನ ನೋಟು ನೆನಪಾಗುತ್ತಿತ್ತು. ಇದರೊಂದಿಗೆ ಅದನ್ನು ಮರಳಿ ಕಳಿಸಿದ್ದೇನೆ, ಎರಡು ರಟ್ಟುಗಳ ನಡುವೆ ಇಟ್ಟಿದ್ದೇನೆ. ಅಮೆರಿಕದ ದಕ್ಷಿಣದ ರಾಜ್ಯಗಳು ಬೇರೆಯಾಗಲು ಯುದ್ಧ ಮಾಡುತ್ತ ಅಚ್ಚು ಹಾಕಿದ ನೋಟಿನ ನಟ್ಟನಡುವೆ ಹತ್ತಿಯ ಹೊಲ, ಸಲಿಕೆ ಹಿಡಿದ ಗುಲಾಮರು. ಆ ಯುದ್ಧದಿಂದ ಅಲ್ಲಿಯ ಹತ್ತಿ ನಿಂತು ನಮ್ಮ ಗದಗ ಸೀಮೆಯ ಹತ್ತಿಗೆ ಬೆಲೆ ಬಂದಿತ್ತಲ್ಲ. ಅವರ ಬೆನ್ನು ಬಾಗಿದ್ದಕ್ಕೂ ನಮ್ಮ ಹಿರಿಯರ ಮನೆಗಳಿಗೆ ಮಾಳಿಗೆ ಏರಿದ್ದಕ್ಕೂ ಎಲ್ಲೋ ಒಂದು ಎಳೆ ಇದ್ದೀತು. ನೋಟಿನಲ್ಲಿ ಅವರ ಮುಖಗಳನ್ನು ಹುಡುಕಿದೆ. ಕೆತ್ತಿದವನು ಹತ್ತಿ ಗಿಡಗಳಿಗೆ ಕೊಟ್ಟಷ್ಟು ಗಮನವನ್ನು ಮುಖಗಳಿಗೆ ಕೊಟ್ಟಿಲ್ಲ.

ನಿಮ್ಮ ಕಣ್ಣಿನ ಶಸ್ತ್ರಚಿಕಿತ್ಸೆ ಯಾವಾಗ? ಗದಗಿನಲ್ಲಿಯೇ ಮಾಡಿಸುತ್ತೀರಾ? ಭಾಗ್ಯಾ ಅವರಿಗೆ ನನ್ನ ನೆನಪು ತಿಳಿಸಿ.

ಶಿವರಂಜನಿ


ಲಕ್ಷ್ಮೇಶ್ವರ
21 ಜುಲೈ 2025

ತಂಗಿ ಶಿವರಂಜನಿಗೆ,

ಮೇಡಂ ಅನ್ನುವುದನ್ನು ಇವತ್ತಿನಿಂದ ಬಿಟ್ಟೆ. ಇಷ್ಟು ಅಂತಃಕರಣ ಇದ್ದವರನ್ನು ಮೇಡಂ ಅಂದರೆ ದೂರ ಇಟ್ಟಂತಾಗುತ್ತದೆ.

ನಿಮ್ಮ ಪತ್ರ ಎರಡು ಸಲ ಓದಿದೆ. ಮಳೆ ಇದೆ, ಹೆಸರು ಇದೆ, ಹತ್ತಿ ಇದೆ, ನನ್ನ ಕಣ್ಣೂ ಇದೆ. ಕೋಣ ಮಾತ್ರ ಇಲ್ಲ. ರಿಪೋರ್ಟು ನೋಡಿದ ಡಾಕ್ಟರು ಯಾವೂರು, ಬೆಳೆ ಹೆಂಗೈತಿ ಎಂದು ಕೇಳಲು ಶುರುಮಾಡಿದರೆ ರೋಗಿಗೆ ತಿಳಿಯುತ್ತದೆ. ನನಗೆ ತಿಳಿಯಿತು. ನಾಣ್ಯ ಖೊಟ್ಟಿ. ಅದನ್ನು ನನಗೆ ಹೇಳಲು ನಿಮಗೆ ಮನಸ್ಸು ಬರಲಿಲ್ಲ.

ಬೇಸರ ಮಾಡಿಕೊಳ್ಳಬೇಡಿರಿ. ಮೊನ್ನೆ ನಾನೇ ಬೆಟಗೇರಿಗೆ ಹೋಗಿ ಹೊನ್ನೇಶನ ಅಂಗಡಿಯಲ್ಲಿ ಕುಳಿತು, “ನೀ ಹೇಳಿದ್ದು ಖರೆ ಇತ್ತಪಾ, ಅದು ತಿಕ್ಕಿದ ಕಾಲು” ಅಂದುಬಿಟ್ಟೆ. ಅವನು ಕುಣಿಯುತ್ತಾನೆ ಅಂದುಕೊಂಡಿದ್ದೆ. ಕುಣಿಯಲಿಲ್ಲ. “ಹೋಗಲಿ ಬಿಡಣ್ಣಾ, ಎಲ್ಲಾರೂ ಎಡವತೀವಿ” ಎಂದು ಚಹಾ ತರಿಸಿದ. ಆ ಚಹಾ ಕುಡಿಯುವುದು ಬೈಗುಳಕ್ಕಿಂತ ಕಷ್ಟವಾಯಿತು. ಆದರೆ ಮುಗಿಯಿತು. ಪ್ರದರ್ಶನಕ್ಕೆ ಈ ವರ್ಷ ನಾನು ಏನನ್ನೂ ಇಡುವುದಿಲ್ಲ.

ನಾಣ್ಯವನ್ನು ತಿರುಗಿ ಕಳಿಸಬೇಡಿರಿ. ನೋಡಿದರೆ ಹೊಟ್ಟೆ ಉರಿಯುತ್ತದೆ. ನಿಮ್ಮ ಡಂಬಳದ ಕೆರೆ ದೊಡ್ಡದಿದೆಯಲ್ಲ, ಅದಕ್ಕೆ ಒಗೆದುಬಿಡಿರಿ.

ನಿಮ್ಮ ಅಣ್ಣನಂಥ
ಕುಬೇರಪ್ಪ


ಡಂಬಳ
26 ಜುಲೈ 2025

ಪ್ರೀತಿಯ ಕುಬೇರಪ್ಪಣ್ಣ ಅವರಿಗೆ,

ನಿಮ್ಮ ಪತ್ರ ಓದಿ ಮೊದಲು ಬಂದದ್ದು ನಗು. ಅದರ ಹಿಂದೆಯೇ ಅಳು. ನಿಮ್ಮ ಪತ್ರ ನನಗೊಂದು ಬಾಗಿಲು ತೆರೆದಿತ್ತು. ‘ಆಯಿತು, ಒಗೆದೆ’ ಎಂದು ಒಂದೇ ಸಾಲು ಬರೆದರೆ ಸಾಕಿತ್ತು. ಆ ಸಾಲನ್ನು ಬರೆದೂ ನೋಡಿದೆ. ಅಕ್ಷರ ಬಹಳ ಚೆನ್ನಾಗಿ ಬಂದಿತ್ತು. ಹರಿದು ಹಾಕಿದೆ.

ಅಣ್ಣಾ, ನಾಣ್ಯ ಅಸಲಿ.

ಜೂನ್ ಇಪ್ಪತ್ತೊಂದರಂದು ನೋಡಿದೆ. ರೇಷ್ಮಾ ಪಾಠಕ್ಕೆ ಹೋಗಿದ್ದರು, ನಾನೊಬ್ಬಳೇ ಇದ್ದೆ. ನೀವು ಹೇಳಿದ ಆ ಸಾಲು, ನಾನು ಹೆಸರು ಬರೆಯುವುದಿಲ್ಲ, ಹೊಟ್ಟೆಯಿಂದ ನೆಲಕ್ಕೆ ಮಣಿಯ ಹಾಗೆ ಒಂದೊಂದೇ ಚುಕ್ಕೆಯಾಗಿ ಇಳಿದಿತ್ತು. ಕಾಲು ಇರಬೇಕಾದ ಜಾಗದಲ್ಲಿ ಅರದ ಗೀರು ಒಂದೂ ಇರಲಿಲ್ಲ. ಮೈಯೆಲ್ಲ ಒಂದೇ ಹಳೆಯ ಬಣ್ಣ. ಬಹಳ ಹೊತ್ತು ನೋಡಿದೆ. ಮೊಬೈಲಿನಲ್ಲಿ ಫೋಟೊ ತೆಗೆದರೆ ಬರೀ ಬಿಳಿ ಬೆಳಕು ಬಂತು. ಹಬ್ಬ ಮುಗಿಸಿ, ಒಳ್ಳೆಯ ಫೋಟೊ ತೆಗೆಸಿ ಕಳಿಸೋಣ ಎಂದುಕೊಂಡೆ. ಒಳ್ಳೆಯ ಸುದ್ದಿಯನ್ನು ನಾಲ್ಕು ದಿನ ನಾನೊಬ್ಬಳೇ ಇಟ್ಟುಕೊಳ್ಳುವ ಆಸೆಯೂ ಇತ್ತು.

ಆ ಹಬ್ಬ ಮಣ್ಣೆತ್ತಿನ ಅಮಾವಾಸ್ಯೆ. ಅತ್ತೆ ಮಣ್ಣಿನ ಎತ್ತುಗಳನ್ನು ಜಗಲಿಯ ಮೇಲೆ ಕೂರಿಸಿ ಪೂಜೆ ಮಾಡಿದರು. ಮರುದಿನ ಓಣಿಯ ಮಕ್ಕಳು ಪದ್ಧತಿಯಂತೆ ಒಂದು ಮಣ್ಣೆತ್ತಿನ ಕಾಲು ಮುರಿದು, ಕುಂಟೆತ್ತು ಬಂದಿದೆ ಎಂದು ಮನೆ ಮನೆಗೆ ಜೋಳ ಬೇಡಿಕೊಂಡು ಕೆರೆಯ ಕಡೆ ಹೋದರು. ನಾನು ಕಾಲೇಜಿನಲ್ಲಿದ್ದೆ. ಅತ್ತೆ ನನ್ನ ಮೇಜು ಒರೆಸುತ್ತ ನಾಣ್ಯವನ್ನು ಬೆಳಕಿಗೆ ಹಿಡಿದಿದ್ದಾರೆ. ಬಸವಣ್ಣನ ಕಾಲು ಎಣಿಸಿದ್ದಾರೆ.

ಸಂಜೆ ನಾನು ಹುಡುಕುತ್ತಿದ್ದಾಗ ಅವರು ಆರಾಮವಾಗಿ ಹೇಳಿದರು. “ಕುಂಟೆತ್ತನ್ನ ಅಮಾಸಿ ಆದಮ್ಯಾಲೂ ಮನ್ಯಾಗ ಇಟಗೊಂಡು ಕುಂತಿಯಲ್ಲವಾ, ಓದಿದಾಕಿ ನೀನು! ಹೋಳಿಗಿ ಎಡಿ ಮಾಡಿ, ನಮ್ಮ ಮಣ್ಣೆತ್ತಿನ ಜೋಡಿ ಕೆರಿಗಿ ಬಿಟ್ಟು ಬಂದೆ.”

“ಅತ್ತಿ, ಅದು ಮಂದಿದು!”

“ಮಂದಿ ಮನಿಗೂ ಒಳ್ಳೇದ ಆಗಲಿ.”

ಮರ್ದಾನಸಾಬರು ನಮ್ಮ ಕೆರೆಯಲ್ಲಿ ಮೀನು ಹಿಡಿಯುವವರು. ಅವರ ಕೈಕಾಲು ಹಿಡಿದು ಬಲೆ ಹಾಕಿಸಿದೆ. “ಅಕ್ಕಾರ, ನನ್ನ ಬಲಿಯಾಗ ಮೀನ ಬೀಳತಾವು, ರೊಕ್ಕ ಬಿದ್ದಿದ್ರ ನಾ ಯಾಕ ಹಿಂಗ ಇರತಿದ್ದೆ?” ಎಂದು ನಕ್ಕರು. ಆದರೂ ಮಂಡಿಯವರೆಗೆ ಕೆಸರಿಗಿಳಿದು ತಡಕಿದರು. ಬಿಟ್ಟ ಜಾಗ ಯಾವುದು ಎಂದರೆ ಅತ್ತೆ ದಿನಕ್ಕೊಂದು ಕಡೆ ತೋರಿಸುತ್ತಾರೆ. ನಮ್ಮ ಯಜಮಾನರು ಸಿದ್ದರಾಮ, “ಇಷ್ಟೊತ್ತಿಗೆ ನಾಲ್ಕನೇ ಕಾಲು ಮೂಡಿ ಆ ದಂಡಿ ಹತ್ತಿರಬೇಕು ಬಿಡು” ಎಂದು ಹಾಸ್ಯ ಮಾಡಿದರು. ನಾನು ಅವರೊಂದಿಗೆ ಮಾತು ಬಿಟ್ಟಿದ್ದೆ.

ನಿಮಗೆ ಬರೆಯಲು ಕುಳಿತಾಗಲೆಲ್ಲ ಕೈ ಬರಲಿಲ್ಲ. ಹಾಗಾಗಿ ಮಳೆ, ಹೆಸರು. ನೀವು ಬೆಟಗೇರಿಗೆ ಹೋಗಿ ಆ ಚಹಾ ಕುಡಿದಿರಿ ಎಂದು ಓದಿದ ಮೇಲೆ ಸುಮ್ಮನಿರಲು ಆಗಲಿಲ್ಲ. ನಿಮ್ಮ ನಾಣ್ಯ ನನ್ನ ಮನೆಯಿಂದ ಹೋಯಿತು. ನಿಮ್ಮ ಮಾತೂ ನನ್ನಿಂದಲೇ ಹೋಗಬಾರದು. ಹೊನ್ನೇಶ ಅವರಿಗೆ ಈ ಪತ್ರ ತೋರಿಸಿ. ನನ್ನ ಅರ್ಧ ಡಾಲರನ್ನು ನಿಮಗೆ ಕಳಿಸುತ್ತೇನೆ, ಬೇಡ ಅನ್ನಬೇಡಿ. ಬೈಯಬೇಕಾದರೆ ಬೈಯಿರಿ, ಆದರೆ ಬರೆಯುವುದನ್ನು ನಿಲ್ಲಿಸಬೇಡಿ.

ಶಿವರಂಜನಿ


ಲಕ್ಷ್ಮೇಶ್ವರ
9 ಆಗಸ್ಟ್ 2025

ತಂಗಿ ಶಿವರಂಜನಿಗೆ,

ನಿಮ್ಮ ಪತ್ರ ಅಂಗಡಿಯಲ್ಲಿ ಒಡೆದೆ. ನಾಣ್ಯ ಅಸಲಿ ಎನ್ನುವ ಸಾಲಿಗೆ ಬಂದಾಗ ಎಷ್ಟು ಜೋರಾಗಿ ಕೂಗಿದೆನೆಂದರೆ, ಭಾಗ್ಯಾ ಗಿರಾಕಿಗೆ ತೋರಿಸುತ್ತಿದ್ದ ಸೀರೆಯನ್ನು ಹಾಗೇ ಬಿಟ್ಟು ಓಡಿ ಬಂದಳು.

“ಏನಾತಪ್ಪಾ?”

“ನಾಣ್ಯ ಖರೆ ಐತಿ!”

“ಎಲ್ಲೈತಿ, ತೋರಸು?”

“ಕೆರ್ಯಾಗ!”

ಅವಳು ನನ್ನ ಹಣೆ ಮುಟ್ಟಿ ನೋಡಿದಳು.

ಸುಳ್ಳು ಹೇಳುವುದಿಲ್ಲ, ಸಂಜೆಗೆ ಸ್ವಲ್ಪ ಸಂಕಟವಾಯಿತು. ಖಾಲಿ ಡಬ್ಬಿಯನ್ನು ತೆರೆದು ಮುಚ್ಚಿದೆ. ಆಮೇಲೆ ಯೋಚಿಸಿದೆ. ಕಿಸೆಯಲ್ಲಿ ಇದ್ದಾಗ ಅದು ಅಸಲಿಯೋ ಅಲ್ಲವೋ ಎಂದು ಹೆದರುತ್ತಿದ್ದೆ. ಈಗ ಹೆದರಿಕೆ ಇಲ್ಲ. ಹಳೆಯದಕ್ಕಿಂತ ಇದು ಎಷ್ಟೋ ಮೇಲು.

ಮರುದಿನ ಪತ್ರ ಹಿಡಿದು ಬೆಟಗೇರಿಗೆ ಹೋದೆ. ಹೊನ್ನೇಶ ಕನ್ನಡಕ ಹಣೆಗೇರಿಸಿ ನಿಧಾನವಾಗಿ ಓದಿದ. ನಿಮ್ಮ ಅತ್ತೆಯವರ ಮಾತು ಬಂದಲ್ಲಿ ನಕ್ಕು ಕೆಮ್ಮಿದ. ಆಮೇಲೆ ವಕೀಲರ ಹಾಗೆ ಶುರುಮಾಡಿದ.

“ಅಣ್ಣಾ, ಖೊಟ್ಟಿ ಅಂತ ನೀನ ಬರದಿದ್ದಿ?”

“ಹೂಂ.”

“ಕೆರಿಗಿ ಒಗೀರಿ ಅಂತನೂ ಬರದಿದ್ದಿ?”

“ಹೂಂಪಾ.”

“ಆತ್ರಿ, ಒಗದೆ ಅಂದಿದ್ರ ಆಕಿ ಮ್ಯಾಲ ಏನೂ ಬರತಿರಲಿಲ್ಲ. ಖೊಟ್ಟಿ ಹೋಯ್ತು, ಪೀಡಾ ಹೋಯ್ತು. ತಾನ ಕೊರಳಿಗೆ ಹಗ್ಗ ಹಾಕ್ಕೊಂಡು ಅಸಲಿ ಇತ್ತು ಅಂತ ಯಾಕ ಬರದಾಳು?”

ಅವನೇ ಪತ್ರ ಮಡಚಿ ನನ್ನ ಕೈಗಿಟ್ಟ. “ಇದ್ದಿದ್ದಕ್ಕ ಬರದಾಳ. ನಂದ ತಪ್ಪಾತು” ಅಂದ. ಅಂಗಡಿಯಲ್ಲಿ ಇಬ್ಬರು ಗಿರಾಕಿಗಳಿದ್ದರು, ಅವರ ಮುಂದೆಯೇ ಅಂದ. ಚಹಾ ಬಂತು. ಈ ಸಲ ಎರಡು ಕಪ್ಪು ಕುಡಿದೆ.

ಪ್ರದರ್ಶನಕ್ಕೆ ನನ್ನ ಗಾಜಿನ ಪೆಟ್ಟಿಗೆ ಇಡಲೇಬೇಕು ಎನ್ನುವುದು ಅವನ ಹಟ. ಒಳಗೆ ಏನಿಡಲಿ ಎಂದರೆ, ಖಾಲಿ ಇಡು ಎನ್ನುತ್ತಾನೆ. ಚೀಟಿಯನ್ನು ತಾನೇ ಬರೆದುಕೊಟ್ಟ. ‘ಅಮೆರಿಕ. ಐದು ಸೆಂಟ್. 1937, ಡೆನ್ವರ್. ಮೂರು ಕಾಲು. ಅಸಲಿ. ಸದ್ಯ ಡಂಬಳದ ಕೆರೆಯಲ್ಲಿದೆ.’

ನಿಮ್ಮ ಅರ್ಧ ಡಾಲರು ಕಳಿಸಿದರೆ ನಾನೂ ಮಾತು ಬಿಡುತ್ತೇನೆ. ಆ ಹೆಂಗಸು ನಿಮ್ಮ ಮನೆಯಲ್ಲಿಯೇ ನಡೆಯಲಿ. ನವೆಂಬರಿನಲ್ಲಿ ನೀವು ಗದಗಿಗೆ ಬರಬೇಕು, ಅಷ್ಟೇ ನನ್ನ ದಂಡ.

ಕುಬೇರಪ್ಪ


ಡಂಬಳ
18 ಆಗಸ್ಟ್ 2025

ಪ್ರೀತಿಯ ಅಣ್ಣ ಅವರಿಗೆ,

ದಂಡ ಒಪ್ಪಿದೆ. ನಿಮ್ಮ ಪತ್ರವನ್ನು ಗಟ್ಟಿಯಾಗಿ ಓದಿದೆ, ಸಿದ್ದರಾಮ ಅವರೊಂದಿಗೆ ಮತ್ತೆ ಮಾತು ಶುರುವಾಗಿದೆ. ಒಂದು ತೊಡಕು. ಓದುವಾಗ ಅತ್ತೆಯೂ ಕೇಳಿಸಿಕೊಂಡರು. “ಬಿಟ್ಟಾಕಿ ನಾನು, ನನ್ನ ಹೆಸರ ಎಲ್ಲೈತಿ ಆ ಚೀಟಿಯಾಗ?” ಎಂದರು. ಪ್ರದರ್ಶನಕ್ಕೆ ತಾವೂ ಬರುತ್ತಾರಂತೆ. ತಡೆಯುವ ಶಕ್ತಿ ನಮ್ಮಲ್ಲಿ ಯಾರಿಗೂ ಇಲ್ಲ. ಹೊನ್ನೇಶ ಅವರಿಗೆ ಮೊದಲೇ ತಿಳಿಸಿಡಿ.

ಶಿವರಂಜನಿ


ಲಕ್ಷ್ಮೇಶ್ವರ
25 ನವೆಂಬರ್ 2025

ತಂಗಿ ಶಿವರಂಜನಿಗೆ,

ಭೇಟಿಯಾದ ಮೇಲೆ ಪತ್ರ ಯಾಕೆ ಎಂದು ಭಾಗ್ಯಾ ಕೇಳಿದಳು. ಭೇಟಿಯಾದಾಗ ಮಾತಾಡಲು ನಿಮ್ಮ ಅತ್ತೆ ಎಲ್ಲಿ ಬಿಟ್ಟರು?

ನೀವು ಶನಿವಾರವೇ ಊರಿಗೆ ಹೋದಿರಿ. ಅತ್ತೆಯವರು ಗದಗಿನಲ್ಲಿ ತಮ್ಮ ತಂಗಿಯ ಮನೆಯಲ್ಲಿ ಉಳಿದು ಭಾನುವಾರವೂ ಬಂದರು. ಅವತ್ತಿನದನ್ನು ನಿಮಗೆ ತಿಳಿಸಲೇಬೇಕು. ಖಾಲಿ ಪೆಟ್ಟಿಗೆಯ ಪಕ್ಕ ಹೊನ್ನೇಶನೇ ಅವರಿಗೆ ಕುರ್ಚಿ ಹಾಕಿಕೊಟ್ಟ. ಪೊರೆ ತೆಗೆಸಿದ ಮೇಲೆ ನನಗೆ ಎಲ್ಲವೂ ನಿಚ್ಚಳ. ಬೆಳ್ಳಿ ಡಾಲರುಗಳ ಮುಂದೆ ನಾಲ್ಕು ಜನ ಇದ್ದರೆ ನಮ್ಮ ಖಾಲಿ ಜಾಗದ ಮುಂದೆ ಸಾಲು ನಿಂತಿತ್ತು. ಅತ್ತೆಯವರು ಪ್ರತಿಯೊಬ್ಬರಿಗೂ ಕಥೆಯನ್ನು ಮೊದಲಿನಿಂದ ಹೇಳಿದರು. ಹೇಳಿದಂತೆಲ್ಲ ಕೆರೆ ದೊಡ್ಡದಾಗುತ್ತ ಹೋಯಿತು.

ಮಧ್ಯಾಹ್ನ ಶಿರಹಟ್ಟಿಯ ಕಡೆಯ ಸಂಗ್ರಹಕಾರನೊಬ್ಬ ಬಂದ. ಬಹಳ ಓದಿಕೊಂಡವನು. ಚೀಟಿ ನೋಡಿ ತುಟಿ ಓರೆ ಮಾಡಿ, “ಎಲ್ಲಾ ಖರೆ ಅಜ್ಜಿ, ಆದ್ರ ನಾಣ್ಯ ಅಸಲಿ ಇತ್ತು ಅನ್ನಾಕ ಪುರಾವೆ ಏನೈತಿ?” ಎಂದ. ನಾನು ನಿಮ್ಮ ಪತ್ರ ತೆಗೆಯಲು ಕಿಸೆಗೆ ಕೈ ಹಾಕಿದೆ. ಹೊನ್ನೇಶ ವಾದಕ್ಕೆ ಗಂಟಲು ಸರಿಮಾಡಿಕೊಂಡ. ನಮ್ಮಿಬ್ಬರಿಗೂ ಅವರು ಅವಕಾಶ ಕೊಡಲಿಲ್ಲ. ಸೆರಗು ಸರಿಮಾಡಿಕೊಂಡು, ಅವನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿ ಅಂದರು:

“ಖೊಟ್ಟಿ ಎತ್ತಿಗೆ ಯಾರರ ಹೋಳಿಗಿ ಎಡಿ ಮಾಡ್ತಾರೇನೋ ತಮ್ಮಾ?”

ಕುಬೇರಪ್ಪ